ಲಸಿಕೆಯ ಪ್ರಮಾಣವೂ ಭವಿಷ್ಯದ ಎಣಿಕೆಯೂ: ಕೋವಿಡ್ ಮಹಾಮಾರಿಯ ಅಂಕಿಗಳ ಒಂದು ಐತಿಹಾಸಿಕ ಪರಿಶೀಲನೆ

ಇತಿಹಾಸದ ಆಕರಗಳೆಂದೊಡನೆ ಶಿಲಾಶಾಸನ, ತಾಮ್ರಪಟ, ನಾಣ್ಯ, ಕೈಫಿಯತ್ತು, ಸರ್ಕಾರದ ದಫ್ತರಗಳು ನಮ್ಮ ಕಣ್ಣಿಗೆ ಕಟ್ಟುತ್ತವೆ. ದಿನಕ್ಕೊಂದರಂತೆ ಹೊರಬಿದ್ದು ಮರುದಿನವೇ ಹಳತಾಗುವ ಅಂಕಿಗಳ ಪಟ್ಟಿಯನ್ನು ಆಕರವೆಂದು ಭಾವಿಸಿ, ಅದನ್ನು ಬರೆದವರಾರು, ಯಾರಿಗಾಗಿ ಬರೆದರು, ಅದರ ಪಾಠವೆಷ್ಟು ಶುದ್ಧ ಎಂದು ವಿಚಾರಿಸುವ ರೂಢಿ ನಮ್ಮಲ್ಲಿ ಇನ್ನೂ ಬಲವಾಗಿಲ್ಲ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಮಹಾಮಾರಿಯೆಂದು ಸಾರಿದ ಕೋವಿಡ್-19 ವ್ಯಾಧಿಯು ಇಂಥ ಅಂಕಿಗಳ ಒಂದು ಮಹಾರಾಶಿಯನ್ನು ನಮಗೆ ಬಿಟ್ಟುಹೋಗಿದೆ. ಸೋಂಕಿತರ ಸಂಖ್ಯೆ, ಮೃತರ ಸಂಖ್ಯೆ, ಲಸಿಕೆ ಪಡೆದವರ ಸಂಖ್ಯೆ ಎಂಬ ಮೂರು ಬಗೆಯ ಅಂಕಿಗಳಲ್ಲಿ ಮೊದಲಿನ ಎರಡರ ವಿಶ್ವಾಸಾರ್ಹತೆಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಮೂರನೆಯದನ್ನು ಮಾತ್ರ ಬಹುಮಂದಿ ನಿರ್ವಿವಾದವೆಂದೇ ಸ್ವೀಕರಿಸಿರುವರು. ರೋಗವು ಮರೆಯಲ್ಲಿ ಹರಡಬಹುದು, ಮರಣದ ಕಾರಣ ತಪ್ಪಾಗಿ ದಾಖಲಾಗಬಹುದು. ಆದರೆ ಲಸಿಕೆಯನ್ನು ಒಬ್ಬರು ಕೊಟ್ಟು ಒಬ್ಬರು ಪಡೆಯುವಾಗ ಎಣಿಕೆ ತಪ್ಪುವುದೆಂತು ಎಂಬುದು ಅವರ ತರ್ಕ. ಈ ತರ್ಕ ಪೂರ್ತಿ ನಿಲ್ಲುವಂಥದಲ್ಲವೆಂದೂ, ಲಸಿಕೆಯ ಪ್ರಮಾಣವನ್ನು ಆಧರಿಸಿ ಹೇಳಿದ ಭವಿಷ್ಯಗಳು ತಪ್ಪಿದ್ದು ಗಣಿತದ ದೋಷದಿಂದಲ್ಲ, ಎಣಿಕೆಯ ಹೊರಗೆ ಉಳಿದ ಸಂಗತಿಗಳಿಂದ ಎಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಲಸಿಕೆಯ ಪ್ರಮಾಣವೆಂಬುದು ಒಂದು ಭಿನ್ನರಾಶಿ. ಮೇಲೆ ಲಸಿಕೆ ಪಡೆದವರು, ಕೆಳಗೆ ಒಟ್ಟು ಜನರು. ಶಾಲೆಯ ಗಣಿತದ ಮಾತಿನಲ್ಲಿ ಹೇಳುವುದಾದರೆ ಒಂದು ಅಂಶ, ಒಂದು ಛೇದ. ಈ ಎರಡೂ ಸಂಖ್ಯೆಗಳು ತಾವಾಗಿ ಹುಟ್ಟಿದವಲ್ಲ. ಯಾರನ್ನು ಎಣಿಸಬೇಕು, ಏನನ್ನು ಎಣಿಸಬೇಕು ಎಂದು ಯಾರೋ ನಿರ್ಧರಿಸಿದ ಬಳಿಕವೇ ಅವು ಪಟ್ಟಿಗೆ ಬಂದಿವೆ.

ಲಸಿಕೆಯ ಇತಿಹಾಸದಲ್ಲಿ ಇಂಥ ಭಿನ್ನರಾಶಿಗೆ ಪ್ರಾಮುಖ್ಯ ಬಂದದ್ದು ತಡವಾಗಿ. ಎಡ್ವರ್ಡ್ ಜೆನ್ನರನು ಸಿಡುಬಿನ ವಿಷಯದಲ್ಲಿ ತನ್ನ ಗ್ರಂಥವನ್ನು 1798ರಲ್ಲಿ ಪ್ರಕಟಿಸಿದನು. ನಾಲ್ಕು ವರ್ಷಗಳ ಬಳಿಕ, 1802ರ ಜೂನ್ 14ರಂದು, ಬಾಗ್ದಾದು ಬಸ್ರಾಗಳ ಮಾರ್ಗವಾಗಿ ಬಂದ ಲಸಿಕೆಯನ್ನು ಮುಂಬಯಿಯಲ್ಲಿ ಮೂರು ವರ್ಷದ ಹೆಣ್ಣುಮಗುವೊಂದಕ್ಕೆ ಹಾಕಲಾಯಿತು. ಮೈಸೂರಿನ ರಾಣಿಯರದೆಂದು ಹೇಳಲಾಗಿರುವ, ಥಾಮಸ್ ಹಿಕಿ ಎಂಬ ಚಿತ್ರಕಾರನು 1805ರ ಸುಮಾರಿನಲ್ಲಿ ಬರೆದ ಚಿತ್ರವೊಂದುಂಟು. ಅದರಲ್ಲಿ ರಾಣಿಯೊಬ್ಬಳು ತೋಳಿನ ಮೇಲಿನ ಸೆರಗನ್ನು ಸರಿಸಿ ತೋರಿಸುತ್ತಿರುವಳು. ಅದು ಲಸಿಕೆಯ ಗುರುತನ್ನು ತೋರಿಸುವ ಭಂಗಿಯೆಂದು ಇತ್ತೀಚಿನ ಸಂಶೋಧಕರೊಬ್ಬರು ವಾದಿಸಿದ್ದಾರೆ. ಆ ವಾದ ಸರಿಯಾದರೆ, ಆ ಕಾಲದಲ್ಲಿ ಜನರನ್ನು ಒಲಿಸಲು ಬಳಸಿದ ಸಾಧನ ನಿದರ್ಶನವೇ ಹೊರತು ಸಂಖ್ಯೆಯಲ್ಲವೆಂದಾಗುವುದು. ‘ಅರಮನೆಯವರೇ ಹಾಕಿಸಿಕೊಂಡಿದ್ದಾರೆ’ ಎಂಬ ಮಾತು ಅಂದು ಮಾಡಬೇಕಾಗಿದ್ದ ಕೆಲಸವನ್ನು ‘ನೂರಕ್ಕೆ ಇಷ್ಟು ಮಂದಿ ಹಾಕಿಸಿಕೊಂಡಿದ್ದಾರೆ’ ಎಂಬ ಮಾತು ಮಾಡತೊಡಗಿದ್ದು ಇಪ್ಪತ್ತನೆಯ ಶತಮಾನದಲ್ಲಿ.

ಆ ಸಂಖ್ಯೆಯು ಮೊದಲು ನಮ್ಮನ್ನು ಮೋಸಗೊಳಿಸಿದ್ದೂ ನಮ್ಮ ದೇಶದಲ್ಲಿಯೇ. ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮವು 1962ರಲ್ಲಿ ಆರಂಭವಾದಾಗ ಮೂರು ವರ್ಷಗಳೊಳಗೆ ಜನಸಂಖ್ಯೆಯ ಶೇಕಡ 80ರಷ್ಟು ಮಂದಿಗೆ ಲಸಿಕೆ ಹಾಕಬೇಕೆಂದು ಗುರಿಯಿಡಲಾಗಿತ್ತು. ಹಳ್ಳಿಹಳ್ಳಿಗೂ ದೇವಿ ಹಾಕುವವರು ಹೋದರು. ತಿಂಗಳು ತಿಂಗಳಿಗೂ ವರದಿ ಮೇಲಕ್ಕೆ ಹೋಯಿತು. ಕೋಟಿಗಟ್ಟಲೆ ಲಸಿಕೆಗಳಾದುವು, ಕಾಗದದ ಮೇಲೆ ಗುರಿಯನ್ನು ಮುಟ್ಟಿದ, ದಾಟಿದ ಜಿಲ್ಲೆಗಳೂ ಇದ್ದುವು. ಆದರೂ 1967ರಲ್ಲಿ ಭಾರತದಲ್ಲಿ ವರದಿಯಾದ ಸಿಡುಬಿನ ಪ್ರಕರಣಗಳು 84,902. ಪರಿಶೀಲಿಸಿದಾಗ ಕಂಡುಬಂದ ಕಾರಣ ಸರಳವಾಗಿತ್ತು. ವರದಿಗೆ ಬೇಕಾಗಿದ್ದುದು ಹಾಕಿದ ಲಸಿಕೆಗಳ ಸಂಖ್ಯೆ; ರಕ್ಷಣೆ ಪಡೆದ ಜನರ ಸಂಖ್ಯೆಯಲ್ಲ. ಶಾಲೆಯಲ್ಲಿ ಸಾಲಾಗಿ ನಿಲ್ಲಿಸಬಹುದಾದ ಮಕ್ಕಳಿಗೆ ಮತ್ತೆ ಮತ್ತೆ ಲಸಿಕೆ ಬಿದ್ದಿತ್ತು. ಮನೆಯೊಳಗಿದ್ದ ಕೂಸುಗಳಿಗೂ, ಕೂಲಿಗಾಗಿ ಊರೂರು ಅಲೆಯುವವರಿಗೂ ಒಮ್ಮೆಯೂ ಬಿದ್ದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞ ಸಮಿತಿಯು 1964ರಲ್ಲಿ, ಶೇಕಡ 80 ಸಾಲದು, ಶೇಕಡ 100ರ ಗುರಿ ಬೇಕೆಂದು ಸಲಹೆಯಿತ್ತಿತು. ಎಂದರೆ, ಅಳತೆಗೋಲು ತಪ್ಪಿದ್ದಾಗ ಗೋಲನ್ನು ಬದಲಿಸದೆ ಇನ್ನೂ ಉದ್ದಕ್ಕೆ ಅಳೆಯಿರೆಂದು ಹೇಳಿದಂತಾಯಿತು. 1966ರ ಕೊನೆಯಲ್ಲಿ ಪೂರ್ವ ನೈಜೀರಿಯಾದಲ್ಲಿ ವಿಲಿಯಂ ಫೋಗಿ ಎಂಬ ವೈದ್ಯನು, ಲಸಿಕೆ ಸಾಲದೆ ಬಂದುದರಿಂದ, ರೋಗಿಗಳನ್ನು ಹುಡುಕಿ ಅವರ ಸುತ್ತಲಿನವರಿಗೆ ಮಾತ್ರ ಲಸಿಕೆ ಹಾಕಿ ರೋಗವನ್ನು ತಡೆದನು. ಈ ಕ್ರಮವು 1973ರಿಂದ ಭಾರತದಲ್ಲಿ ವ್ಯಾಪಕವಾಗಿ ಜಾರಿಗೆ ಬಂದಿತು. 1974ರಲ್ಲಿ ಹುಡುಕಾಟ ಬಿಗಿಯಾದಂತೆಲ್ಲ ವರದಿಯಾದ ಪ್ರಕರಣಗಳು 1,88,003ಕ್ಕೆ ಏರಿದುವು. ಮರುವರ್ಷ, 1975ರ ಮೇ 24ರಂದು, ದೇಶದ ಕೊನೆಯ ಪ್ರಕರಣ ಕಾಣಿಸಿಕೊಂಡಿತು. ಲಸಿಕೆಯ ಅಂಕಿ ಗೆಲುವನ್ನು ತೋರಿಸುತ್ತಿದ್ದಾಗ ರೋಗ ಉಳಿದಿತ್ತು. ರೋಗದ ಅಂಕಿ ಸೋಲನ್ನು ತೋರಿಸಿದಾಗ ರೋಗ ಹೋಗುವುದರಲ್ಲಿತ್ತು. 2021ರ ಪಟ್ಟಿಗಳನ್ನು ಓದುವವರು ಈ ಪ್ರಸಂಗವನ್ನು ಮರೆಯಬಾರದೆಂದು ನಮ್ಮ ಅಭಿಪ್ರಾಯ.

ಇನ್ನು ಪ್ರಸ್ತುತ ವಿಷಯಕ್ಕೆ ಬರೋಣ. ಪರೀಕ್ಷೆಗಳನ್ನು ಪೂರೈಸಿ ಅಂಗೀಕಾರ ಪಡೆದ ಫೈಜರ್ ಸಂಸ್ಥೆಯ ಲಸಿಕೆಯನ್ನು ಬ್ರಿಟನ್ನಿನ ಕವೆಂಟ್ರಿ ನಗರದಲ್ಲಿ 2020ರ ಡಿಸೆಂಬರ್ 8ರಂದು 90 ವರ್ಷದ ವೃದ್ಧೆಯೊಬ್ಬರಿಗೆ ಕೊಡಲಾಯಿತು. ಅದೇ ತಿಂಗಳು 14ರಂದು ಅಮೆರಿಕದಲ್ಲಿಯೂ, ಮತ್ತೆ ಕೆಲವು ದಿನಗಳಲ್ಲಿ ಇಸ್ರೇಲಿನಲ್ಲಿಯೂ, 2021ರ ಜನವರಿ 16ರಂದು ಭಾರತದಲ್ಲಿಯೂ ಲಸಿಕೆ ನೀಡಿಕೆ ಮೊದಲಾಯಿತು. ದೇಶಗಳು ತಮ್ಮ ತಮ್ಮ ಅಂಕಿಗಳನ್ನು ತಮ್ಮ ತಮ್ಮ ರೀತಿಯಲ್ಲಿ ಪ್ರಕಟಿಸತೊಡಗಿದುವು. ಕೆಲವು ನಿತ್ಯವೂ, ಕೆಲವು ವಾರಕ್ಕೊಮ್ಮೆ, ಕೆಲವು ಮಂತ್ರಿಯೊಬ್ಬರ ಭಾಷಣದಲ್ಲಿ ಬಾಯಿಮಾತಿನಲ್ಲಿ. ಇವನ್ನೆಲ್ಲ ಒಂದೆಡೆ ಕೂಡಿಸುವ ಕೆಲಸವನ್ನು ಕೈಗೊಂಡವರಲ್ಲಿ ಆಕ್ಸ್‌ಫರ್ಡಿನೊಡನೆ ಸಂಬಂಧವುಳ್ಳ ‘ಅವರ್ ವರ್ಲ್ಡ್ ಇನ್ ಡೇಟಾ’ ಎಂಬ ಸಂಸ್ಥೆ ಮುಖ್ಯವಾದುದು. ಅದರ ಸಂಗ್ರಾಹಕರು 2021ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಆ ವರ್ಷದ ಏಪ್ರಿಲ್ 7ರ ವೇಳೆಗೆ 169 ದೇಶಗಳ ಅಂಕಿಗಳು ಅವರ ಪಟ್ಟಿಯಲ್ಲಿದ್ದುವು. ಶಾಸನಗಳನ್ನು ಸಂಪುಟಗಳಲ್ಲಿ ಸಂಗ್ರಹಿಸಿಕೊಟ್ಟ ಹಿರಿಯರಿಗೆ ನಾವು ಹೇಗೆ ಋಣಿಗಳೋ ಈ ಸಂಗ್ರಾಹಕರಿಗೂ ಹಾಗೆಯೇ ಋಣಿಗಳು. ಆದರೆ ಶಾಸನ ಸಂಪುಟದಲ್ಲಿ ಅಚ್ಚಾದುದರಿಂದಲೇ ಕೂಟಶಾಸನವು ನಿಜವಾಗುವುದಿಲ್ಲ. ಪ್ರತಿಯೊಂದು ಸಾಲನ್ನೂ ಅದರ ಮೂಲಕ್ಕೆ ಹೋಗಿ ನೋಡಬೇಕಾಗುತ್ತದೆ.

ಮೊದಲು ಅಂಶವನ್ನು ನೋಡೋಣ. ಆರಂಭದ ತಿಂಗಳುಗಳಲ್ಲಿ ಪತ್ರಿಕೆಗಳು ಅಚ್ಚುಮಾಡುತ್ತಿದ್ದುದು ನೂರು ಜನಕ್ಕೆ ಇಷ್ಟು ಡೋಸು ಎಂಬ ಲೆಕ್ಕವನ್ನು. ನೂರು ಜನಕ್ಕೆ 60 ಡೋಸು ಎಂದಾಗ 60 ಮಂದಿ ಒಂದೊಂದು ಡೋಸು ಪಡೆದಿರಬಹುದು, 30 ಮಂದಿ ಎರಡೆರಡು ಪಡೆದಿರಬಹುದು. ಓದುಗರು ಬಹುಮಟ್ಟಿಗೆ ಅದನ್ನು ಶೇಕಡ 60 ಎಂದೇ ಓದಿಕೊಂಡರು. ಚೀನದೇಶವು ಬಹುಕಾಲ ಒಟ್ಟು ಡೋಸುಗಳನ್ನು ಮಾತ್ರ ಸಾರುತ್ತಿತ್ತು. 2021ರ ಜೂನ್ 19ರ ವೇಳೆಗೆ ಅದರ ಎಣಿಕೆ 100 ಕೋಟಿ ಮುಟ್ಟಿತು. ಒಂದೇ ಡೋಸಿನ ಲಸಿಕೆಗಳು ಬಂದಾಗ ‘ಪೂರ್ಣ’ ಎಂಬ ಮಾತಿನ ಅರ್ಥ ಬದಲಾಯಿತು; ಮೂರನೆಯ ಡೋಸು ಬಂದಾಗ ಮತ್ತೊಮ್ಮೆ ಬದಲಾಯಿತು. ಅಮೆರಿಕದಲ್ಲಿ ಮೂರನೆಯ ಡೋಸಿಗೆ ಬೇರೊಂದು ಕೇಂದ್ರಕ್ಕೆ ಹೋದವರು ಅಲ್ಲಿ ಹೊಸಬರೆಂದು ದಾಖಲಾಗಿ, ಒಬ್ಬರೇ ಇಬ್ಬರಾಗಿ ಎಣಿಕೆಗೆ ಸಿಕ್ಕಿದ್ದುಂಟು. ಹೀಗಾಗಿ 65 ವರ್ಷ ದಾಟಿದವರಲ್ಲಿ ಲಸಿಕೆ ಪಡೆದವರ ಪ್ರಮಾಣವು ಅನೇಕ ಕಡೆ ನೂರನ್ನು ಮೀರುತ್ತಿತ್ತು. ಆ ದೇಶದ ರೋಗನಿಯಂತ್ರಣ ಕೇಂದ್ರವು ಮೊದಲು ಶೇಕಡ 99.9ಕ್ಕೂ, 2021ರ ಡಿಸೆಂಬರಿನಲ್ಲಿ ಶೇಕಡ 95ಕ್ಕೂ ಮಿತಿಯಿಟ್ಟು, ಅದಕ್ಕಿಂತ ಹೆಚ್ಚು ಬಂದದ್ದನ್ನು ತೋರಿಸದಂತೆ ಮಾಡಿತು. ಅಳತೆಪಾತ್ರೆ ತುಂಬಿ ಚೆಲ್ಲಿದಾಗ ಅದರ ಬಾಯನ್ನು ತಗ್ಗಿಸಿದಂತಾಯಿತು.

ಛೇದದ ಕಥೆ ಇನ್ನೂ ರೋಚಕವಾದುದು. ಜಿಬ್ರಾಲ್ಟರಿನಲ್ಲಿ ಲಸಿಕೆಯ ಪ್ರಮಾಣ ನೂರನ್ನು ದಾಟಿತು. ಅಲ್ಲಿ ಕೆಲಸಕ್ಕೆಂದು ನಿತ್ಯವೂ ಗಡಿದಾಟಿ ಬರುವ ಸ್ಪೇನಿನವರಿಗೂ ಲಸಿಕೆ ಕೊಟ್ಟುದರಿಂದ ಅವರು ಮೇಲಿನ ಸಂಖ್ಯೆಗೆ ಸೇರಿದರು, ಕೆಳಗಿನ ಸಂಖ್ಯೆಗೆ ಸೇರಲಿಲ್ಲ. ಇದು ನಗುವಂತಹ ಸಂಗತಿ. ಇಂಗ್ಲೆಂಡಿನಲ್ಲಿ ನಡೆದುದು ನಗುವಂತಹುದಲ್ಲ. ಅಲ್ಲಿ ಎರಡು ಛೇದಗಳಿದ್ದುವು. ವೈದ್ಯರಲ್ಲಿ ಹೆಸರು ನೋಂದಾಯಿಸಿದವರ ಪಟ್ಟಿ ಒಂದು. ರಾಷ್ಟ್ರೀಯ ಸಂಖ್ಯಾ ಇಲಾಖೆಯ ಜನಸಂಖ್ಯಾ ಅಂದಾಜು ಮತ್ತೊಂದು. ಊರು ಬಿಟ್ಟವರ, ದೇಶ ಬಿಟ್ಟವರ ಹೆಸರುಗಳು ಮೊದಲಿನ ಪಟ್ಟಿಯಲ್ಲಿ ಉಳಿದೇ ಇರುವುದರಿಂದ ಅದು ಎರಡನೆಯದಕ್ಕಿಂತ ಹಲವು ಹತ್ತು ಲಕ್ಷಗಳಷ್ಟು ದೊಡ್ಡದಾಗಿತ್ತು. ಛೇದ ಉಬ್ಬಿದರೆ ಲಸಿಕೆ ಪಡೆಯದವರ ಸಂಖ್ಯೆಯೂ ಉಬ್ಬುತ್ತದೆ. ಇಲ್ಲದ ಜನರಿಗೆ ರೋಗ ತಗಲುವುದಿಲ್ಲವಾದ್ದರಿಂದ ಅವರಲ್ಲಿ ಸೋಂಕಿನ ಪ್ರಮಾಣ ಕಡಿಮೆಯೆಂದು ತೋರುತ್ತದೆ. 2021ರ ಶರತ್ಕಾಲದ ಅಧಿಕೃತ ವರದಿಗಳಲ್ಲಿ ಕೆಲವು ವಯೋವರ್ಗಗಳವರಿಗೆ ಸಂಬಂಧಿಸಿದಂತೆ, ಲಸಿಕೆ ಪಡೆದವರಿಗೇ ಸೋಂಕು ಹೆಚ್ಚೆಂಬ ಅರ್ಥ ಬರುವ ಕೋಷ್ಟಕಗಳು ಪ್ರಕಟವಾದುವು. ಲಸಿಕೆಯ ವಿರೋಧಿಗಳು ಅವನ್ನು ಲೋಕಕ್ಕೆಲ್ಲ ಸಾರಿದರು. ಸಂಖ್ಯಾಶಾಸ್ತ್ರಜ್ಞರು ಆಕ್ಷೇಪಿಸಿದ ಮೇಲೆ ವಿವರಣೆಗಳು ಸೇರಿದುವು. ಅಷ್ಟರಲ್ಲಿ ಆಗುವ ಹಾನಿ ಆಗಿತ್ತು. ತಪ್ಪು ಇದ್ದುದು ಲಸಿಕೆಯಲ್ಲಲ್ಲ, ಭಾಗಾಕಾರದಲ್ಲಿ.

ನಮ್ಮ ದೇಶದ ಛೇದವೂ ಅಂದಾಜಿನದೇ. 2011ರ ಜನಗಣತಿಯ ಬಳಿಕ 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ಇದೇ ಮಹಾಮಾರಿಯ ಕಾರಣದಿಂದ ಮುಂದಕ್ಕೆ ಹೋಯಿತು. ಆದಕಾರಣ ವಯಸ್ಕರ ಸಂಖ್ಯೆಯನ್ನು ಹಳೆಯ ಗಣತಿಯಿಂದ ಮುಂದಕ್ಕೆ ಎಳೆದು ಸುಮಾರು 94 ಕೋಟಿಯೆಂದು ಇಟ್ಟುಕೊಳ್ಳಲಾಯಿತು. ಇಡೀ ದೇಶಕ್ಕೆ ಈ ಅಂದಾಜು ಹೆಚ್ಚು ತಪ್ಪಿರಲಾರದು. ಆದರೆ ಹತ್ತು ವರ್ಷಗಳಲ್ಲಿ ಲಕ್ಷಾಂತರ ಜನ ವಲಸೆ ಬಂದ ಬೆಂಗಳೂರಿನಂಥ ನಗರಕ್ಕೂ, ಜನ ಬಿಟ್ಟುಹೋದ ಬರದ ತಾಲ್ಲೂಕಿಗೂ ಒಂದೇ ಬಗೆಯ ಎಳೆತ ಹೊಂದುವುದಿಲ್ಲ. ಉತ್ತರ ಕರ್ನಾಟಕದ ಹಳ್ಳಿಯ ಗಾರೆ ಕೆಲಸದವನು ಬೆಂಗಳೂರಿನ ಕಟ್ಟಡವೊಂದರ ಬಳಿ ಲಸಿಕೆ ಪಡೆದರೆ ಅವನು ನಗರದ ಅಂಶಕ್ಕೂ ಹಳ್ಳಿಯ ಛೇದಕ್ಕೂ ಸೇರಿದವನಾಗುತ್ತಾನೆ. ನಗರದ ಪ್ರಮಾಣ ಏರುತ್ತದೆ, ಹಳ್ಳಿಯದು ಇಳಿಯುತ್ತದೆ, ಹಳ್ಳಿಯ ಆರೋಗ್ಯ ಸಹಾಯಕಿಗೆ ಮೇಲಿನಿಂದ ಎಚ್ಚರಿಕೆಯ ಕಾಗದ ಬರುತ್ತದೆ.

ಅಂಶ ಛೇದಗಳೆರಡೂ ಸರಿಯಾಗಿದ್ದರೂ ಸರಾಸರಿಯು ಮರೆಮಾಡುವುದುಂಟು. ಹಾಂಗ್‌ಕಾಂಗಿನಲ್ಲಿ 2021ರ ಕೊನೆಯ ವೇಳೆಗೆ ಒಟ್ಟು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎರಡು ಡೋಸು ಪಡೆದಿದ್ದರು. ಆದರೆ 80 ವರ್ಷ ದಾಟಿದವರಲ್ಲಿ ಎರಡು ಡೋಸು ಪಡೆದವರು ಅರ್ಧಕ್ಕಿಂತ ಬಹಳ ಕಡಮೆ. ಬೇರೆ ದೇಶಗಳಲ್ಲಿ ವೃದ್ಧರೇ ಮುಂದಾಗಿದ್ದರೆ ಅಲ್ಲಿ ವೃದ್ಧರೇ ಹಿಂದುಳಿದಿದ್ದರು. ರೋಗ ಅಪರೂಪವಾಗಿದ್ದುದರಿಂದ ಲಸಿಕೆಯ ಭಯವೇ ರೋಗದ ಭಯಕ್ಕಿಂತ ಅವರಿಗೆ ದೊಡ್ಡದಾಗಿ ಕಂಡಿತು. 2022ರ ಮೊದಲ ತಿಂಗಳುಗಳಲ್ಲಿ ಒಮಿಕ್ರಾನ್ ಬಂದಾಗ ಆ ನಗರದಲ್ಲಿ ಸಾವಿರಾರು ಜನ ಸತ್ತರು. ಸತ್ತವರಲ್ಲಿ ಬಹುಪಾಲು ಲಸಿಕೆ ಪೂರ್ತಿಯಾಗದ ವೃದ್ಧರು. ಇದಕ್ಕೆ ಮೊದಲೇ, 2021ರ ಮೇ ತಿಂಗಳಲ್ಲಿ, ಜಗತ್ತಿನಲ್ಲಿಯೇ ಅತ್ಯಧಿಕ ಪ್ರಮಾಣದ ಲಸಿಕೆ ಪಡೆದಿದ್ದ ಸೇಶೆಲ್ಸ್ ದ್ವೀಪಗಳಲ್ಲಿ ಶೇಕಡ 60ಕ್ಕೂ ಹೆಚ್ಚು ಜನ ಎರಡೂ ಡೋಸು ಪಡೆದ ಮೇಲೆ ಸೋಂಕು ಏರಿ, ಸಡಿಲಿಸಿದ ಕಟ್ಟುಪಾಡುಗಳನ್ನು ಮತ್ತೆ ಬಿಗಿಮಾಡಬೇಕಾಯಿತು. ಯಾವ ಲಸಿಕೆ, ಯಾವ ತಳಿಯ ವೈರಾಣು ಎಂಬ ಪ್ರಶ್ನೆಗಳಿಗೆ ಪಟ್ಟಿಯ ಅಂಕಣದಲ್ಲಿ ಸ್ಥಳವಿರಲಿಲ್ಲ.

ಈಗ ಭವಿಷ್ಯದ ಮಾತು. ವ್ಯಾಧಿಯ ಭವಿಷ್ಯವನ್ನು ಅಂಕಿಗಳಿಂದ ಹೇಳುವ ಯತ್ನ ಹಳೆಯದು. ಇಂಗ್ಲೆಂಡಿನ ವಿಲಿಯಂ ಫಾರ್ ಎಂಬವನು 1840ರಲ್ಲಿಯೇ ಸಿಡುಬಿನ ಮರಣಗಳು ಏರಿ ಇಳಿಯುವುದರಲ್ಲಿ ಒಂದು ಕ್ರಮವಿದೆಯೆಂದು ತೋರಿಸಿದ್ದನು. 1866ರಲ್ಲಿ ಇಂಗ್ಲೆಂಡಿನ ದನಗಳ ದೊಡ್ಡರೋಗವು ಬಲವಾಗಿ ಏರುತ್ತಿದ್ದಾಗಲೇ, ಅದು ಬೇಗ ಇಳಿಮುಖವಾಗುವುದೆಂದು ಪತ್ರಿಕೆಗೆ ಬರೆದನು. ಜನ ಅವನ ಮಾತನ್ನು ಹಾಸ್ಯಮಾಡಿದರು; ರೋಗ ಇಳಿಯಿತು. ಬೆಲ್ಜಿಯಮ್ಮಿನ ವೆರ್ಹಲ್ಸ್ಟನು 1838ರಲ್ಲಿ, ಮೊದಲು ಮೆಲ್ಲಗೆ, ನಡುವೆ ವೇಗವಾಗಿ, ಕೊನೆಗೆ ಮತ್ತೆ ಮೆಲ್ಲಗೆ ಏರುವ ವಕ್ರರೇಖೆಯ ಸೂತ್ರವನ್ನು ಕೊಟ್ಟಿದ್ದನು. ಲಸಿಕೆಯ ಪ್ರಮಾಣವೂ ಬಹುತೇಕ ದೇಶಗಳಲ್ಲಿ ಇದೇ ರೇಖೆಯಲ್ಲಿ ಏರಿತು. ಆದರೆ ವ್ಯಾಧಿಯು ತನ್ನ ಸ್ವಭಾವದಿಂದ ಏರಿಳಿಯುವಂತೆ ಲಸಿಕೆಯು ಏರುವುದಿಲ್ಲ. ಮೊದಲ ಹಂತದಲ್ಲಿ ಅದನ್ನು ಹಿಡಿದಿಡುವುದು ಸರಬರಾಜು. ನಡುವಿನ ಹಂತದಲ್ಲಿ ಆಡಳಿತದ ಏರ್ಪಾಡು. ಕೊನೆಯ ಹಂತದಲ್ಲಿ ಜನರ ಮನಸ್ಸು. ಒಂದು ಹಂತದಲ್ಲಿ ನಿಂತು ಅಲ್ಲಿಯ ವೇಗದಿಂದಲೇ ಮುಂದಿನ ಹಂತವನ್ನು ಅಳೆದವರೆಲ್ಲರೂ ತಪ್ಪಿದರು.

2021ರ ಫೆಬ್ರವರಿಯಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯು ಅಂದಿನ ವೇಗದಲ್ಲಿ ನಡೆದರೆ ಜಗತ್ತಿನ ಶೇಕಡ 75ರಷ್ಟು ಜನರಿಗೆ ಲಸಿಕೆ ಪೂರೈಸಲು ಏಳು ವರ್ಷಗಳಿಗೂ ಹೆಚ್ಚು ಕಾಲ ಬೇಕೆಂದು ಲೆಕ್ಕಹಾಕಿತು. ಅದೇ ವರ್ಷದ ಕೊನೆಗೆ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಜನ ಒಂದು ಡೋಸನ್ನಾದರೂ ಪಡೆದಿದ್ದರು. ಇದು ಸರಬರಾಜಿನ ಹಂತದಲ್ಲಿ ನಿಂತು ಹೇಳಿದ ಮಾತು. ಅಮೆರಿಕದಲ್ಲಿ ಇದಕ್ಕೆ ಪ್ರತಿಯಾದುದು ನಡೆಯಿತು. ಮೊದಲ 100 ದಿನಗಳಲ್ಲಿ 10 ಕೋಟಿ ಡೋಸುಗಳೆಂಬ ಅಲ್ಲಿಯ ಅಧ್ಯಕ್ಷರ ಗುರಿಯನ್ನು 58 ದಿನಗಳಲ್ಲಿಯೇ ಮುಟ್ಟಲಾಯಿತು. ಏಪ್ರಿಲಿನ ನಡುವೆ ದಿನಕ್ಕೆ 30 ಲಕ್ಷಕ್ಕೂ ಮಿಕ್ಕು ಡೋಸುಗಳು ಹೋಗುತ್ತಿದ್ದುವು. ಆ ವೇಗವನ್ನು ನೋಡಿದವರಿಗೆ ಜುಲೈ 4ರೊಳಗೆ ವಯಸ್ಕರಲ್ಲಿ ಶೇಕಡ 70 ಮಂದಿಗೆ ಒಂದು ಡೋಸು ಎಂಬ ಹೊಸ ಗುರಿ ಸುಲಭವೆಂದೇ ತೋರಿತು. ಆದರೆ ಬೇಕೆಂದವರೆಲ್ಲ ಪಡೆದಾದ ಮೇಲೆ ಲಸಿಕೆಯೇ ಜನರಿಗಾಗಿ ಕಾಯತೊಡಗಿತು. ಜುಲೈ 4ರಂದು ಪ್ರಮಾಣ ಶೇಕಡ 67ರ ಹತ್ತಿರವಿತ್ತು. ಶೇಕಡ 70 ಆದುದು ಆಗಸ್ಟ್ 2ರಂದು.

ಆ ವರ್ಷ ಅಂತರ್ಜಾಲದ ಮೂಲಕ ಪಾಠ ನಡೆಯುತ್ತಿದ್ದಾಗ ನಮ್ಮ ವಿದ್ಯಾರ್ಥಿಗಳಿಗೆ ನಾವು ಒಂದು ಲೆಕ್ಕವನ್ನು ಕೊಟ್ಟಿದ್ದೆವು. ದೇಶದ 94 ಕೋಟಿ ವಯಸ್ಕರಿಗೆ ಎರಡೆರಡರಂತೆ 188 ಕೋಟಿ ಡೋಸುಗಳು ಬೇಕು. ಮೇ ತಿಂಗಳಲ್ಲಿ ಕೊಟ್ಟವು ಸುಮಾರು 6 ಕೋಟಿ, ಎಂದರೆ ದಿನಕ್ಕೆ ಸುಮಾರು 20 ಲಕ್ಷ. ಅಲ್ಲಿಯವರೆಗೆ ಒಟ್ಟು ಆದವು 21 ಕೋಟಿಗೆ ಸ್ವಲ್ಪ ಹೆಚ್ಚು. ಉಳಿದವನ್ನು ಕೊಟ್ಟು ಮುಗಿಯುವುದು ಎಂದು? ಉತ್ತರ ಬಂದುದು 2023ರ ಸೆಪ್ಟೆಂಬರ್. ಮತ್ತೆ ಅದೇ ಲೆಕ್ಕವನ್ನು 2021ರ ಸೆಪ್ಟೆಂಬರ್ 17ರ ನಂತರ ಮಾಡಿಸಿದೆವು. ಆ ಒಂದೇ ದಿನ ದೇಶದಲ್ಲಿ 2.5 ಕೋಟಿ ಡೋಸುಗಳಾಗಿದ್ದುವು. ಒಟ್ಟು ಸುಮಾರು 79 ಕೋಟಿ. ಆ ವೇಗದಲ್ಲಿ ಉತ್ತರ ಅಕ್ಟೋಬರ್ ಕೊನೆ! ನಾಲ್ಕು ತಿಂಗಳ ಅಂತರದಲ್ಲಿ ಮಾಡಿದ ಎರಡು ಲೆಕ್ಕಗಳ ನಡುವೆ ಸುಮಾರು ಎರಡು ವರ್ಷಗಳ ವ್ಯತ್ಯಾಸ. ಎರಡರಲ್ಲಿಯೂ ಗಣಿತದ ತಪ್ಪಿಲ್ಲ. ವಾಸ್ತವದಲ್ಲಿ ಅಕ್ಟೋಬರ್ 21ಕ್ಕೆ 100 ಕೋಟಿಯೂ ಡಿಸೆಂಬರ್ ಕೊನೆಗೆ ಸುಮಾರು 145 ಕೋಟಿಯೂ ಆದುವು. ಮಕ್ಕಳ ಡೋಸುಗಳನ್ನೂ ಮೂರನೆಯ ಡೋಸುಗಳನ್ನೂ ಸೇರಿಸಿಕೊಂಡೇ 188 ಕೋಟಿ ಮುಟ್ಟಿದ್ದು 2022ರ ಏಪ್ರಿಲಿನಲ್ಲಿ.

ಸರ್ಕಾರದ ಭವಿಷ್ಯವಾಣಿಯೂ ಪರಿಶೀಲನೆಗೆ ಅರ್ಹವಾದುದು. ಎರಡನೆಯ ಅಲೆಯ ಉಗ್ರಸ್ಥಿತಿಯಲ್ಲಿ, 2021ರ ಮೇ 13ರಂದು, ಆಗಸ್ಟಿನಿಂದ ಡಿಸೆಂಬರಿನವರೆಗೆ 216 ಕೋಟಿ ಡೋಸುಗಳು ದೊರೆಯುವುವೆಂದು ಕೇಂದ್ರದ ಪರವಾಗಿ ಪ್ರಕಟಿಸಲಾಯಿತು. ಜೂನ್ ಕೊನೆಗೆ ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಅದೇ ಐದು ತಿಂಗಳ ಸಂಖ್ಯೆ 135 ಕೋಟಿಗೆ ಇಳಿಯಿತು. ಆ ಅವಧಿಯಲ್ಲಿ ಜನರ ತೋಳಿಗೆ ಬಿದ್ದುದು ಸುಮಾರು 99 ಕೋಟಿ. ದೊರೆತ ಡೋಸಿಗೂ ಕೊಟ್ಟ ಡೋಸಿಗೂ ವ್ಯತ್ಯಾಸವುಂಟೆಂಬುದನ್ನು ಒಪ್ಪಬೇಕು. ಆದರೂ ಮೊದಲಿನ ಪಟ್ಟಿಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಇನ್ನೂ ಪರೀಕ್ಷೆಯ ಹಂತದಲ್ಲಿದ್ದ ಲಸಿಕೆಗಳೂ ಸೇರಿದ್ದುವು. ಅವುಗಳಲ್ಲಿ ಎರಡಕ್ಕೆ ಅಂಗೀಕಾರ ದೊರೆತುದು ಡಿಸೆಂಬರ್ 28ರಂದು, ಅವಧಿ ಮುಗಿಯಲು ಮೂರು ದಿನವಿದ್ದಾಗ. ಮೂಗಿನ ಮೂಲಕ ಕೊಡುವ ಮತ್ತೊಂದಕ್ಕೆ 2022ರಲ್ಲಿ. ಶಾಸನದ ಪ್ರಶಸ್ತಿಭಾಗದಲ್ಲಿ ರಾಜನು ಆಸಮುದ್ರ ಪೃಥ್ವಿಯನ್ನು ಗೆದ್ದವನೆಂದಿರುತ್ತದೆ; ದಾನಭಾಗದಲ್ಲಿ ಇಷ್ಟು ಮತ್ತರು ಗದ್ದೆಯೆಂದಿರುತ್ತದೆ. ನಾವು ಎರಡನೆಯದನ್ನು ನಂಬುತ್ತೇವೆ. 216 ಕೋಟಿಯನ್ನು ಪ್ರಶಸ್ತಿಯಾಗಿಯೇ ಓದಬೇಕು. ಆಸ್ಪತ್ರೆಯ ಬಾಗಿಲಲ್ಲಿ ಪ್ರಾಣವಾಯುವಿಗಾಗಿ ಜನ ಕಾದು ನಿಂತ ದಿನಗಳಲ್ಲಿ ಆ ಸಂಖ್ಯೆಯನ್ನು ಹೇಳಿದ್ದರ ಉದ್ದೇಶ ಎಣಿಕೆಗಿಂತ ಸಾಂತ್ವನವೆಂದು ನಮಗೆ ತೋರುತ್ತದೆ.

ಆದರೆ ನಮ್ಮ ದೇಶದ ಸಾಲು ಏರಿದಂತೆ ಬೇರೊಂದು ಖಂಡದ ಸಾಲು ನಿಂತುಹೋದುದನ್ನು ಹೇಳದಿದ್ದರೆ ಈ ಇತಿಹಾಸ ಅರ್ಧವಾಗುವುದು. ಬಡದೇಶಗಳಿಗೂ ಲಸಿಕೆಯನ್ನು ಹಂಚಲು ಏರ್ಪಟ್ಟ ‘ಕೋವ್ಯಾಕ್ಸ್’ ವ್ಯವಸ್ಥೆಯು 2021ರ ಕೊನೆಯೊಳಗೆ 200 ಕೋಟಿ ಡೋಸುಗಳನ್ನು ತಲುಪಿಸುವುದಾಗಿ ಹೇಳಿತ್ತು. ಅದರ ಮೊದಲ ಸರಕು, 6 ಲಕ್ಷ ಡೋಸುಗಳು, ಫೆಬ್ರವರಿ 24ರಂದು ಘಾನಾ ದೇಶಕ್ಕೆ ಬಂದಿಳಿಯಿತು. ತಯಾರಾದುದು ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನಲ್ಲಿ. ಕೋವ್ಯಾಕ್ಸಿನ ಎಣಿಕೆಯೆಲ್ಲ ಈ ಒಂದು ಕಾರ್ಖಾನೆಯ ಮೇಲೆ ಬಹಳವಾಗಿ ನಿಂತಿತ್ತು. ಭಾರತವು ಏಪ್ರಿಲಿನವರೆಗೆ ದಾನವಾಗಿಯೂ ಮಾರಾಟವಾಗಿಯೂ ಸುಮಾರು 6.6 ಕೋಟಿ ಡೋಸುಗಳನ್ನು ಹೊರಕ್ಕೆ ಕಳುಹಿಸಿತ್ತು. ಎರಡನೆಯ ಅಲೆ ಎದ್ದೊಡನೆ ರಫ್ತು ನಿಂತಿತು. ಮತ್ತೆ ಕೋವ್ಯಾಕ್ಸಿಗೆ ಸರಬರಾಜು ಆರಂಭವಾದುದು ನವೆಂಬರಿನಲ್ಲಿ. ತನ್ನ ಮನೆಗೆ ಬೆಂಕಿ ಬಿದ್ದಾಗ ನೆರೆಮನೆಗೆ ನೀರು ಹೊರುವವರಾರು ಎಂದು ಇದನ್ನು ಸಮರ್ಥಿಸಬಹುದು, ನಾವೂ ಅದನ್ನು ಅಲ್ಲಗಳೆಯುವುದಿಲ್ಲ. ತಮಗೆ ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚನ್ನು ಮೊದಲೇ ಕಾದಿರಿಸಿಕೊಂಡ ಶ್ರೀಮಂತ ದೇಶಗಳ ಹೊಣೆ ಇದಕ್ಕಿಂತ ದೊಡ್ಡದು. ಆದರೆ ಘಾನಾದ ಎರಡನೆಯ ಡೋಸಿಗಾಗಿ ಕಾದವರಿಗೆ ಕಾರಣ ಯಾವುದಾದರೂ ಫಲ ಒಂದೇ. ಸೆಪ್ಟೆಂಬರ್ 8ರಂದು ಕೋವ್ಯಾಕ್ಸ್ ತನ್ನ ಅಂದಾಜನ್ನು 142.5 ಕೋಟಿಗೆ ಇಳಿಸಿತು. ಅದು ನೂರನೆಯ ಕೋಟಿಯ ಡೋಸನ್ನು ತಲುಪಿಸಿದ್ದು 2022ರ ಜನವರಿ 15ರಂದು, ರವಾಂಡಾ ದೇಶದಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯ ಗುರಿಗಳು ಮೂರು: ಪ್ರತಿಯೊಂದು ದೇಶದಲ್ಲಿಯೂ 2021ರ ಸೆಪ್ಟೆಂಬರ್ ಕೊನೆಗೆ ಶೇಕಡ 10, ಡಿಸೆಂಬರ್ ಕೊನೆಗೆ ಶೇಕಡ 40, 2022ರ ನಡುವೆ ಶೇಕಡ 70. ಮೊದಲನೆಯದನ್ನು 56 ದೇಶಗಳು ಮುಟ್ಟಲಿಲ್ಲ. ಆಫ್ರಿಕದ 54 ದೇಶಗಳಲ್ಲಿ ಮುಟ್ಟಿದುವು 15 ಮಾತ್ರ. ಎರಡನೆಯದನ್ನು ಸಂಸ್ಥೆಯ 194 ಸದಸ್ಯ ದೇಶಗಳಲ್ಲಿ 92 ಮುಟ್ಟಲಿಲ್ಲ. ಸರಬರಾಜು ಕೊನೆಗೆ ಬಂದಾಗಲೂ ಬಂದ ರೀತಿ ವಿಚಿತ್ರವಾಗಿತ್ತು. ಅವಧಿ ಮುಗಿಯಲು ಕೆಲವೇ ವಾರಗಳಿದ್ದ ಡೋಸುಗಳು ದಾನವಾಗಿ ಬಂದುವು. ಮಲಾವಿ ದೇಶವು 2021ರ ಮೇ ತಿಂಗಳಲ್ಲಿ ಅವಧಿ ಮೀರಿದ 19,610 ಡೋಸುಗಳನ್ನು ಜನರೆದುರಿಗೆ ಸುಟ್ಟಿತು. ನೈಜೀರಿಯಾ ಡಿಸೆಂಬರ್ 22ರಂದು 10 ಲಕ್ಷಕ್ಕೂ ಹೆಚ್ಚನ್ನು ನಾಶಮಾಡಿತು. ಹತ್ತು ವಾರಗಳಾದರೂ ಅವಧಿ ಉಳಿದಿರುವ ಲಸಿಕೆಯನ್ನು ಕೊಡಿರೆಂದು ಆಫ್ರಿಕದ ಸಂಸ್ಥೆಗಳು ಕೋವ್ಯಾಕ್ಸಿನೊಡನೆ ಸೇರಿ ದಾನಿಗಳನ್ನು ಕೇಳಿಕೊಂಡುವು. ದಾನಿದೇಶದ ಪಟ್ಟಿಯಲ್ಲಿ ಈ ಡೋಸುಗಳು ‘ಕೊಟ್ಟದ್ದು’, ಕೋವ್ಯಾಕ್ಸಿನ ಪಟ್ಟಿಯಲ್ಲಿ ‘ತಲುಪಿದ್ದು’. ಯಾವ ಮನುಷ್ಯನ ತೋಳಿನಲ್ಲಿಯೂ ಅವುಗಳ ಗುರುತಿಲ್ಲ.

ಹಾಗಾದರೆ ಭವಿಷ್ಯವನ್ನು ಸರಿಯಾಗಿ ಹೇಳಿದವರು ಯಾರೂ ಇರಲಿಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಇದ್ದರು. ಲಂಡನ್ನಿನ ಎಕನಾಮಿಸ್ಟ್ ಸಮೂಹದ ಸಂಶೋಧನಾ ಶಾಖೆಯು 2021ರ ಜನವರಿಯಲ್ಲಿ, 85ಕ್ಕೂ ಹೆಚ್ಚು ಬಡದೇಶಗಳಿಗೆ 2023ರ ಮೊದಲು ವ್ಯಾಪಕವಾಗಿ ಲಸಿಕೆ ದೊರೆಯುವುದಿಲ್ಲವೆಂದು ಹೇಳಿತ್ತು. ಅಂದು ಅದು ಅತಿಯಾದ ನಿರಾಶೆಯೆನಿಸಿತು. ಜಗತ್ತಿನ ಒಟ್ಟು ಪ್ರಮಾಣವು ಶೇಕಡ 70ರ ಬಳಿ ನಿಂತಾಗಲೂ ಅತಿ ಕಡಮೆ ವರಮಾನದ ದೇಶಗಳಲ್ಲಿ ಒಂದು ಡೋಸನ್ನಾದರೂ ಪಡೆದವರು ಮೂರರಲ್ಲಿ ಒಬ್ಬರಷ್ಟೇ. ಬ್ಲೂಮ್‌ಬರ್ಗಿನ ಲೆಕ್ಕ ಹಾಕಿದವರು ನಿತ್ಯದ ವೇಗವನ್ನು ನೋಡಿದರು. ಇವರು ಖರೀದಿಯ ಕರಾರುಗಳನ್ನೂ ತಯಾರಿಕೆಯ ಶಕ್ತಿಯನ್ನೂ ಬಡದೇಶಗಳ ಆರೋಗ್ಯ ವ್ಯವಸ್ಥೆಯನ್ನೂ ನೋಡಿದರು. ಯಾರು ಸಾಲಿನಲ್ಲಿ ಮುಂದೆ ನಿಂತಿದ್ದಾರೆಂಬುದು ಕರಾರಿನಲ್ಲಿ ಬರೆದಿತ್ತು. ಅದನ್ನು ಓದಿದವರಿಗೆ ವಕ್ರರೇಖೆಯ ಸೂತ್ರದ ಅಗತ್ಯವೇ ಬೀಳಲಿಲ್ಲ.

ಅಂತರರಾಷ್ಟ್ರೀಯ ತುರ್ತುಸ್ಥಿತಿಯು 2023ರ ಮೇ 5ರಂದು ಮುಗಿಯಿತೆಂದು ಸಾರಲಾಯಿತು. ಕೋವ್ಯಾಕ್ಸ್ ಅದೇ ವರ್ಷದ ಡಿಸೆಂಬರ್ 31ರಂದು ಮುಚ್ಚಿತು. ಆ ಬಳಿಕ ಒಂದೊಂದಾಗಿ ದೇಶಗಳು ಅಂಕಿಗಳನ್ನು ಕಳುಹಿಸುವುದನ್ನು ನಿಲ್ಲಿಸಿದುವು. ಆದ್ದರಿಂದ ಪಟ್ಟಿಯ ಸಾಲುಗಳು ಬೇರೆ ಬೇರೆ ದಿನಾಂಕಗಳಲ್ಲಿ ಕೊನೆಗೊಳ್ಳುತ್ತವೆ, ಅವುಗಳನ್ನು ಹೋಲಿಸುವ ಸಂಶೋಧಕರು ಮೊದಲು ಕೊನೆಯ ದಿನಾಂಕವನ್ನು ನೋಡಬೇಕು. ಭಾರತದ ಸಾಲಿಗೆ ಬಳಸಿದ ಛೇದದ ಪರೀಕ್ಷೆ ಮಾತ್ರ ಇನ್ನೂ ಬಾಕಿಯಿದೆ. 2027ರ ಮಾರ್ಚ್ 1ನ್ನು ಆಧಾರದಿನವಾಗಿಟ್ಟುಕೊಂಡು ಜನಗಣತಿ ನಡೆಸುವುದಾಗಿ 2025ರಲ್ಲಿ ಪ್ರಕಟಿಸಲಾಯಿತು. ಅದರ ವಯೋವಾರು ಮತ್ತು ಜಿಲ್ಲಾವಾರು ಕೋಷ್ಟಕಗಳು ಹೊರಬಂದಾಗ, 2011 ಮತ್ತು 2027ರ ನಡುವೆ ಲೆಕ್ಕಹಾಕಿ 2021ರ ವಯಸ್ಕರ ಸಂಖ್ಯೆಯನ್ನು ಜಿಲ್ಲೆ ಜಿಲ್ಲೆಗೂ ಮತ್ತೆ ಅಂದಾಜು ಮಾಡಬಹುದು. ಆಗ ಯಾವ ಜಿಲ್ಲೆಯ ನೂರು ನಿಜವಾಗಿ ನೂರು, ಯಾವುದರದು ಎಂಬತ್ತು ಎಂದು ತಿಳಿದೀತು. ನಮ್ಮ ವಿಭಾಗದ ವಿದ್ಯಾರ್ಥಿಗಳಲ್ಲಿ ಯಾರಾದರೂ ರಾಯಚೂರು, ಬೆಂಗಳೂರು ಎಂಬ ಎರಡು ಜಿಲ್ಲೆಗಳನ್ನಾದರೂ ತೆಗೆದುಕೊಂಡು ಈ ಲೆಕ್ಕವನ್ನು ಮಾಡಲು ಮುಂದಾದರೆ, 2021ರ ದಿನವಹಿ ಅಂಕಿಗಳನ್ನು ಬರೆದಿಟ್ಟ ನಮ್ಮ ಪುಸ್ತಕಗಳನ್ನು ಅವರಿಗೆ ಕೊಡಲು ನಾವು ಸಿದ್ಧರಿದ್ದೇವೆ.